ಸಿಲ್ಮರಿಲಿಯನ್ ಇಪ್ಪತ್ತು ಪುಟಕ್ಕೇ ಸಾಕಾಯಿತಾ? ಹಾಗಾದರೆ ಮಧ್ಯದಿಂದ ಶುರು ಮಾಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಲಾರ್ಡ್ ಆಫ್ ದಿ ರಿಂಗ್ಸ್ ಖುಷಿಯಿಂದ ಓದಿ ಮುಗಿಸಿದಿರಿ. ಅದೇ ಹುಮ್ಮಸ್ಸಿನಲ್ಲಿ ಅದನ್ನು ಬರೆದ ಟೋಲ್ಕಿನ್ ಅವರದೇ ಸಿಲ್ಮರಿಲಿಯನ್, ಅಂದರೆ ಆ ಲೋಕದ ಹಳೇ ಕಾಲದ ಕಥೆಗಳ ಪುಸ್ತಕ, ತಂದಿರಿ, ಇಪ್ಪತ್ತು ಪುಟ ದಾಟಲಿಲ್ಲ. ಅದು ಅವರು ತೀರಿಕೊಂಡ ಮೇಲೆ ಮಗ ಹೊರತಂದ ಪುಸ್ತಕ ಅಂತ ಬೇರೆ ಗೊತ್ತಾಯಿತು. ಈಗ ನಿಮಗೆ ಎರಡು ಅನುಮಾನ: ಇದು ಅಸಲಿ ಟೋಲ್ಕಿನ್ನಾ, ಇಲ್ಲ ಅಪ್ಪನ ಹೆಸರಲ್ಲಿ ಮಾಡಿದ ವ್ಯಾಪಾರವಾ? ಮತ್ತೆ, ಕಷ್ಟಪಟ್ಟು ಓದಲೇಬೇಕಾ?

ಓದಿ. ಆದರೆ ಮೊದಲ ಪುಟದಿಂದ ಬೇಡ. ಬಿಟ್ಟದ್ದಕ್ಕೆ ಬೇಜಾರೂ ಬೇಡ, ನಾನು ಇದನ್ನು ಎರಡು ಸಲ ಅರ್ಧಕ್ಕೆ ಬಿಟ್ಟವನು.

ನನ್ನದು ಸೆಕೆಂಡ್ ಹ್ಯಾಂಡ್ ಪ್ರತಿ. ಬೆಂಗಳೂರಿನ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದದ್ದು. ಮನೆಗೆ ಬಂದು ನೋಡಿದರೆ ಕೊನೆಯ ಪುಟಗಳೆಲ್ಲ ಕಿತ್ತುಹೋಗಿವೆ. ವಂಶವೃಕ್ಷ, ಹೆಸರುಗಳ ಪಟ್ಟಿ, ನಕ್ಷೆ ಎಲ್ಲ ಇರುವುದು ಅಲ್ಲೇ. ಮಾರನೇ ದಿನ ಹೋಗಿ ಕೇಳಿದರೆ "ಕಥೆ ಪೂರ್ತಿ ಇದೆಯಲ್ಲ ಸಾರ್, ಇನ್ನೇನು ಬೇಕು" ಅಂದರು. ಅವರ ಮಾತೂ ನ್ಯಾಯವೇ. ಆದರೆ ಈ ಪುಸ್ತಕದಲ್ಲಿ ಕೊನೆಯ ಪುಟ ಇಲ್ಲದಿದ್ದರೆ ಮೊದಲ ಪುಟ ಅರ್ಥ ಆಗಲ್ಲ. ಎಲ್ಫ್‌ಗಳ ರಾಜ ಫಿನ್ವೆ, ಎಲ್ಫ್ ಅಂದರೆ ಈ ಕಥೆಗಳ ಮುಪ್ಪಿಲ್ಲದ ಜನ. ಅವನ ಗಂಡುಮಕ್ಕಳು ಫೆಯಾನೋರ್, ಫಿಂಗೋಲ್ಫಿನ್, ಫಿನಾರ್ಫಿನ್. ಫಿಂಗೋಲ್ಫಿನ್‌ನ ಮಗ ಫಿಂಗೋನ್. ಫಿನಾರ್ಫಿನ್‌ನ ಮಗ ಫಿನ್ರೋಡ್. ಯಾರು ಯಾರ ಜೀವ ಉಳಿಸಿದರು, ಯಾರು ಯಾರ ಬೆನ್ನಿಗೆ ಚೂರಿ ಹಾಕಿದರು ಅಂತ ಒಂದೂ ತಿಳಿಯದೆ, 'ಫಿ' ಕಂಡ ಕಡೆಯೆಲ್ಲ ಅದೇ ಮನುಷ್ಯ ಇರಬೇಕು ಅಂದುಕೊಂಡು ನೂರು ಪುಟ ಹೋಗಿ ಕೈಚೆಲ್ಲಿದೆ. ಎರಡನೇ ಸಲವೂ ಅದೇ ಕಥೆ. ಮೂರನೇ ಸಲ ಹಳೇ ಕ್ಯಾಲೆಂಡರಿನ ಒಂದು ದೊಡ್ಡ ಹಾಳೆ ಕಿತ್ತು, ಹಿಂಬದಿಯಲ್ಲಿ ನಾನೇ ವಂಶವೃಕ್ಷ ಬರೆಯುತ್ತಾ ಓದಿದೆ.

ಆಗ ಹೊಳೆಯಿತು, ಇದು ಶುದ್ಧ ದಾಯಾದಿ ಜಗಳದ ಕಥೆ! ಫೆಯಾನೋರ್‌ನ ತಾಯಿ ಬೇರೆ, ಉಳಿದಿಬ್ಬರ ತಾಯಿ ಬೇರೆ. ಮಲತಾಯಿ ಮಕ್ಕಳ ಮೇಲೆ ಅವನಿಗೆ ಮೊದಲಿಂದಲೂ ಅಸಮಾಧಾನ. ಕೈಚಳಕದಲ್ಲಿ ಅವನನ್ನು ಮೀರಿಸುವವರಿಲ್ಲ. ಎರಡು ದಿವ್ಯ ಮರಗಳ ಬೆಳಕನ್ನು ಹಿಡಿದಿಟ್ಟು ಮೂರು ರತ್ನ ಮಾಡುತ್ತಾನೆ, ಅವೇ ಸಿಲ್ಮರಿಲ್‌ಗಳು. ಮೋರ್ಗೋತ್ ಅನ್ನುವ ದುಷ್ಟ ಅವನ ಅಪ್ಪನನ್ನು ಕೊಂದು ರತ್ನ ಕದ್ದೊಯ್ಯುತ್ತಾನೆ. ಫೆಯಾನೋರ್ ಮತ್ತು ಅವನ ಏಳು ಮಕ್ಕಳು ಒಂದು ಆಣೆ ಇಡುತ್ತಾರೆ: ಈ ರತ್ನ ಯಾರ ಕೈಯಲ್ಲಿದ್ದರೂ ಸರಿ, ದೇವರಾಗಲಿ ದೆವ್ವವಾಗಲಿ, ಬೆನ್ನುಹತ್ತಿ ಹೋಗುತ್ತೇವೆ. ಅಲ್ಲಿಂದ ಮುಂದಿನದೆಲ್ಲ ಆ ಆಣೆಯ ಫಲ. ಅದಕ್ಕೆ ಮೊದಲು ಬಲಿಯಾದದ್ದು ಶತ್ರುಗಳಲ್ಲ. ಹಡಗು ಕೊಡಲ್ಲ ಅಂದ ಸ್ವಂತ ಕುಲದವರು. ಬಂದರಿನಲ್ಲೇ ಅವರನ್ನು ಕೊಚ್ಚಿ ಹಾಕುತ್ತಾರೆ. ಸಿನಿಮಾದಲ್ಲಿ ಬಿಳಿ ಸೀರೆ ಉಟ್ಟಂತೆ ಕಾಣುವ ಗಲಾಡ್ರಿಯಲ್ ಇದ್ದಾಳಲ್ಲ, ಅವಳು ಫಿನಾರ್ಫಿನ್‌ನ ಮಗಳು. ಅಂದರೆ ಈ ಫೆಯಾನೋರ್ ಅವಳ ದೊಡ್ಡಪ್ಪ. ಲಾರ್ಡ್ ಆಫ್ ದಿ ರಿಂಗ್ಸ್ ಕಥೆಯ ಖಳ ಸೌರಾನ್ ಅಂತೂ ಇಲ್ಲಿ ಬರೀ ಮೋರ್ಗೋತ್‌ನ ಬಂಟ.

ಹೆಸರುಗಳ ಕಾಟ ನಿಮಗೊಬ್ಬರಿಗೇ ಅಲ್ಲ. 1937ರ ಸೆಪ್ಟೆಂಬರಿನಲ್ಲಿ ಟೋಲ್ಕಿನ್ ಅವರ ಹಾಬಿಟ್ ಕಾದಂಬರಿ (ಹಾಬಿಟ್ ಅಂದರೆ ಅವರು ಕಲ್ಪಿಸಿದ ಪುಟ್ಟ ಜನ) ಬಂತು, ಚೆನ್ನಾಗಿ ಮಾರಾಟವಾಯಿತು, ಪ್ರಕಾಶಕರು ಇನ್ನೇನಾದರೂ ಇದೆಯಾ ಅಂತ ಕೇಳಿದರು. ಟೋಲ್ಕಿನ್ ತಮ್ಮ ಪ್ರಾಣವೇ ಆಗಿದ್ದ ಈ ಹಳೇ ಕಥೆಗಳ ಕಟ್ಟು ಕೊಟ್ಟರು. ಪ್ರಕಾಶಕರ ಕಡೆಯಿಂದ ಓದಿದವರು ಎಡ್ವರ್ಡ್ ಕ್ರ್ಯಾಂಕ್‌ಶಾ. ಅವರಿಗೆ ಸಿಕ್ಕಿದ್ದು ಒಂದು ಉದ್ದನೆಯ ಪದ್ಯ, ಜತೆಗೆ ಗದ್ಯದ ಒಂದಿಷ್ಟು ಪುಟ ಅಷ್ಟೇ. ಪದ್ಯ ಹಿಡಿಸಲಿಲ್ಲ. ಗದ್ಯವನ್ನು ಹೊಗಳಿದರು, ಆದರೆ ಹೆಸರುಗಳು ಕಣ್ಣು ಸೀಳುವಂತಿವೆ ಅಂತ ಬರೆದರು. ಕೆಲ್ಟಿಕ್ ಹೆಸರು ಅಂತ ಬೇರೆ ಕರೆದರು, ಟೋಲ್ಕಿನ್‌ಗೆ ಅದು ಚುಚ್ಚಿತು, ಕೆಲ್ಟಿಕ್ ಅಲ್ಲವೇ ಅಲ್ಲ ಅಂತ ಉತ್ತರ ಬರೆದರು. ಒಟ್ಟಿನಲ್ಲಿ ಪ್ರಕಾಶಕರು ಇದು ಬೇಡ, ಹಾಬಿಟ್‌ಗಳದ್ದೇ ಇನ್ನೊಂದು ಕಥೆ ಕೊಡಿ ಅಂದರು. ಆ ಡಿಸೆಂಬರಿನಲ್ಲಿ ಶುರು ಮಾಡಿದ್ದೇ ಮುಂದೆ ಲಾರ್ಡ್ ಆಫ್ ದಿ ರಿಂಗ್ಸ್ ಆಯಿತು. ನೀವು ಖುಷಿಪಟ್ಟು ಓದಿದ ಪುಸ್ತಕ ಹುಟ್ಟಿದ್ದೇ ಇದನ್ನು ಒಲ್ಲೆ ಅಂದದ್ದರಿಂದ ಅನ್ನಿ.

ಆದರೆ ಹೆಸರಿಗಿಂತ ದೊಡ್ಡ ತೊಡಕು ಇನ್ನೊಂದಿದೆ, ಅದನ್ನು ಯಾರೂ ಜಾಸ್ತಿ ಹೇಳಲ್ಲ. ಈ ಪುಸ್ತಕದಲ್ಲಿ ಕಥೆ ಹೇಳುವವರು ಯಾರೂ ಇಲ್ಲ.

ಮಹಾಭಾರತ ನೆನಪಿಸಿಕೊಳ್ಳಿ. ಅಷ್ಟು ದೊಡ್ಡ ಜಾತ್ರೆಯಲ್ಲಿ ನಾವು ಕಳೆದುಹೋಗಲ್ಲ. ಯಾಕೆಂದರೆ ಸೂತ ನೈಮಿಷಾರಣ್ಯದಲ್ಲಿ ಕೂತು ಶೌನಕಾದಿ ಮುನಿಗಳಿಗೆ ಹೇಳುತ್ತಿರುತ್ತಾನೆ, ಅದರೊಳಗೆ ವೈಶಂಪಾಯನ ಜನಮೇಜಯನಿಗೆ ಹೇಳುತ್ತಿರುತ್ತಾನೆ, ಕೇಳುವವನು ಮಧ್ಯೆ ಬಾಯಿ ಹಾಕಿ "ಅದು ಹೇಗಾಯ್ತು, ವಿವರವಾಗಿ ಹೇಳಿ" ಅನ್ನುತ್ತಾನೆ. ನಮ್ಮ ಪರವಾಗಿ ಕೇಳೋಕೆ ಅಲ್ಲೊಬ್ಬ ಇದ್ದಾನೆ. ಲಾರ್ಡ್ ಆಫ್ ದಿ ರಿಂಗ್ಸ್‌ನಲ್ಲಿ ಆ ಕೆಲಸ ಹಾಬಿಟ್‌ಗಳದ್ದು, ಅವಕ್ಕೂ ನಮ್ಮ ಹಾಗೆ ಏನೂ ಗೊತ್ತಿರಲ್ಲ, ಕೇಳಿ ಕೇಳಿ ತಿಳಿದುಕೊಳ್ಳುತ್ತವೆ. ಸಿಲ್ಮರಿಲಿಯನ್‌ನಲ್ಲಿ ಸೂತನೂ ಇಲ್ಲ, ಶೌನಕನೂ ಇಲ್ಲ, ಹಾಬಿಟ್ಟೂ ಇಲ್ಲ. ಸೀದಾ ಸೃಷ್ಟಿಯಿಂದ ಶುರು.

ಮೊದಲು ಹೀಗಿರಲಿಲ್ಲ ಅನ್ನುವುದೇ ತಮಾಷೆ. ಟೋಲ್ಕಿನ್ ಈ ಕಥೆಗಳಿಗೆ ಕೈ ಹಾಕಿದ್ದು ಮೊದಲ ಮಹಾಯುದ್ಧದ ಹೊತ್ತಿಗೆ. 1916ರಲ್ಲಿ ಫ್ರಾನ್ಸಿನ ಸೋಮ್ ಯುದ್ಧಭೂಮಿಯಲ್ಲಿ ಹೇನಿನಿಂದ ಹರಡುವ ಕಂದಕ ಜ್ವರ ಹಿಡಿದು ಇಂಗ್ಲೆಂಡಿಗೆ ವಾಪಸ್ ಬಂದರು, ಚೇತರಿಸಿಕೊಳ್ಳುವಾಗ ಗೊಂಡೋಲಿನ್ ಎಂಬ ಗುಪ್ತ ನಗರ ಬಿದ್ದ ಕಥೆ ಬರೆದರು. ಆಗ ಅವರ ಯೋಜನೆಯಲ್ಲಿ ಎರಿಯೋಲ್ ಅನ್ನುವ ಒಬ್ಬ ನಾವಿಕ ಇದ್ದ. ಅವನು ಒಂದು ಒಂಟಿ ದ್ವೀಪಕ್ಕೆ ಬಂದು, ಅಲ್ಲಿಯ ಮನೆಯಲ್ಲಿ ಬೆಂಕಿಯ ಮುಂದೆ ಕೂತು, ಎಲ್ಫ್‌ಗಳ ಬಾಯಿಂದ ಒಂದೊಂದೇ ಕಥೆ ಕೇಳುತ್ತಾನೆ. ವರ್ಷಗಳು ಉರುಳಿದ ಹಾಗೆ ಆ ಚೌಕಟ್ಟು ಬದಲಾಗುತ್ತಾ ಸವೆದುಹೋಯಿತು. 1977ರಲ್ಲಿ ಪುಸ್ತಕ ಬಂದಾಗ ಮಗ ಕ್ರಿಸ್ಟೋಫರ್ ಯಾವ ಚೌಕಟ್ಟನ್ನೂ ಇಡಲಿಲ್ಲ, ಅಪ್ಪ ಕೊನೆಗೆ ಏನು ಬಯಸಿದ್ದರು ಅಂತ ಖಚಿತವಿಲ್ಲದೆ ತಾನೇ ಒಂದನ್ನು ಕಟ್ಟುವುದು ಬೇಡ ಅಂತ. ಆರು ವರ್ಷ ಬಿಟ್ಟು, 1983ರಲ್ಲಿ, ಅದು ತಪ್ಪಾಯಿತು ಅಂತ ತಾವೇ ಬರೆದುಕೊಂಡರು.

ಹಾಗಾಗಿ ನನ್ನ ಸಲಹೆ ಸ್ವಲ್ಪ ವಿಚಿತ್ರ ಅನ್ನಿಸಬಹುದು: ಆ ಸೂತನ ಕೆಲಸ ನೀವೇ ಮಾಡಿ. ಒಂದು ಅಧ್ಯಾಯ ಓದಿ, ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಿ.

ನಾನು ಮಾಡಿದ್ದು ಅದೇ, ಬೇಕಂತ ಮಾಡಿದ್ದಲ್ಲ. ಡಿಸೆಂಬರ್ ಕೊನೆ, ಅವರೆಕಾಯಿ ಕಾಲ. ಅಮ್ಮ, ಚಿಕ್ಕಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತಕಿದ ಬೇಳೆ ಮಾಡುತ್ತಾ ಕೂತಿದ್ದರು. ನನ್ನನ್ನೂ ಕೂರಿಸಿದರು. ಕಾಳು ಹಿಸುಕುತ್ತಾ ಹಿಸುಕುತ್ತಾ ಬೇಜಾರಾಗಿ, ಹಿಂದಿನ ರಾತ್ರಿ ಓದಿದ ಔಲೆಯ ಕಥೆ ಶುರು ಮಾಡಿದೆ. ಔಲೆ ಅಂದರೆ ದೇವತೆಗಳಲ್ಲಿ ಕಮ್ಮಾರ. ಪರಮಾತ್ಮ, ಅವನ ಹೆಸರು ಇಲೂವತಾರ್, ಎಲ್ಫ್‌ಗಳನ್ನೂ ಮನುಷ್ಯರನ್ನೂ ಹುಟ್ಟಿಸುತ್ತೇನೆ ಅಂತ ಹೇಳಿದ್ದಾನೆ, ಆದರೆ ಇನ್ನೂ ಹುಟ್ಟಿಸಿಲ್ಲ. ಔಲೆಗೆ ತಾಳ್ಮೆ ಇಲ್ಲ. ತನಗೆ ಗೊತ್ತಿರುವ ವಿದ್ಯೆ ಕಲಿಸೋಕೆ ಯಾರಾದರೂ ಬೇಕು ಅಂತ ಬೆಟ್ಟದ ಕೆಳಗೆ ಕದ್ದುಮುಚ್ಚಿ ಏಳು ಜನ ಕುಳ್ಳರನ್ನು ತಾನೇ ಮಾಡಿಬಿಡುತ್ತಾನೆ. ಪರಮಾತ್ಮನಿಗೆ ಗೊತ್ತಾಗದೆ ಇರುತ್ತಾ? ಯಾಕೆ ಮಾಡಿದೆ, ನಿನಗೆ ಜೀವ ಕೊಡುವ ಶಕ್ತಿ ಇಲ್ಲ, ನೀನು ಅಂದುಕೊಂಡಾಗ ಮಾತ್ರ ಇವು ಅಲ್ಲಾಡುತ್ತವೆ, ನಿನ್ನ ಗಮನ ಬೇರೆ ಕಡೆ ಹೋದರೆ ಸುಮ್ನೆ ನಿಲ್ಲುತ್ತವೆ, ಇದು ನಿನಗೆ ಬೇಕಾ ಅಂತಾನೆ. ಔಲೆ ತಪ್ಪೊಪ್ಪಿಕೊಳ್ಳುತ್ತಾನೆ. ಅಪ್ಪ ಮಾಡುವ ಕೆಲಸವನ್ನು ಮಗು ಆಟದಲ್ಲಿ ಮಾಡಿದರೆ ಅದು ಅಣಕವಲ್ಲ ಅಂತಾನೆ. ಆಮೇಲೆ ಅಳುತ್ತಾ ದೊಡ್ಡ ಸುತ್ತಿಗೆ ಎತ್ತುತ್ತಾನೆ, ಎಲ್ಲವನ್ನೂ ಪುಡಿ ಮಾಡೋಕೆ. ಏಳೂ ಜನ ಹೆದರಿ ಕುಗ್ಗಿ ತಲೆ ಬಾಗಿಸುತ್ತಾರೆ.

ಇಷ್ಟಕ್ಕೆ ಅಮ್ಮ ಕಾಳು ಹಿಸುಕುವುದು ನಿಲ್ಲಿಸಿ, "ಹೆದರಿದ್ವಾ? ಹಾಗಾದ್ರೆ ಜೀವ ಬಂದಿದೆ ಕಣೋ. ಗೊಂಬೆ ಆಗಿದ್ರೆ ಯಾಕೆ ಹೆದರ್ತಿತ್ತು" ಅಂದರು.

ಪುಸ್ತಕದಲ್ಲಿ ಪರಮಾತ್ಮ ಔಲೆಗೆ ಹೇಳುವ ಮಾತೂ ಅದೇ! ನಾನಿನ್ನೂ ಅಲ್ಲಿಗೆ ಬಂದೇ ಇರಲಿಲ್ಲ. ಒಬ್ಬನೇ ಓದಿದಾಗ ಆ ಎರಡು ಪುಟ ನನಗೆ ಏನೂ ಅನ್ನಿಸಿರಲಿಲ್ಲ, ಕುಳ್ಳರು ಹುಟ್ಟಿದ್ದು ಹೀಗೆ ಅಂತ ಟಿಕ್ ಹಾಕಿ ಮುಂದೆ ಹೋಗಿದ್ದೆ. ಅವತ್ತಿನಿಂದ ಸಂಜೆಗೊಂದು ಕಥೆ ಅಂತಾಯಿತು. ಟೂರಿನ್‌ನ ಕಥೆಗೆ ಚಿಕ್ಕಮ್ಮ ಮಾತ್ರ ಎದ್ದು ಹೋದರು. ತಂಗಿ ಅಂತ ತಿಳಿಯದೆ ಅವನು ಅವಳನ್ನೇ ಮದುವೆಯಾಗುವ ಕಥೆ ಅದು, ಸಂಜೆ ದೀಪ ಹಚ್ಚುವ ಹೊತ್ತಲ್ಲಿ ಹೇಳುವಂಥದ್ದಲ್ಲ ಅಂತ ಬೈಸಿಕೊಂಡೆ.

ಇನ್ನು ಅಸಲಿಯಾ ಅನ್ನುವ ಪ್ರಶ್ನೆ. ಟೋಲ್ಕಿನ್ 1973ರ ಸೆಪ್ಟೆಂಬರ್ 2ರಂದು ತೀರಿಕೊಂಡರು, 81 ವರ್ಷ. ಅಷ್ಟು ಹೊತ್ತಿಗೆ ಈ ಕಥೆಗಳನ್ನು ಐವತ್ತೈದು ವರ್ಷಕ್ಕೂ ಜಾಸ್ತಿ ತಿದ್ದುತ್ತಾ ಬಂದಿದ್ದರು, ಮುಗಿಸಿರಲಿಲ್ಲ. ಮುಗಿಸೋಕೆ ಟೈಮ್ ಇರಲಿಲ್ಲ ಅನ್ನುವುದು ಅರ್ಧ ಸತ್ಯ. ಮುಗಿಸಲಾಗದ ಹಾಗೆ ತಾವೇ ಮಾಡಿಕೊಂಡರು. ಹಳೇ ಕಥೆಯಲ್ಲಿ ಭೂಮಿ ಮೊದಲು ಚಪ್ಪಟೆ, ಸೂರ್ಯ ಅಂದರೆ ಸಾಯುವ ಮರ ಕೊಟ್ಟ ಕೊನೆಯ ಹಣ್ಣು. ವಯಸ್ಸಾದ ಮೇಲೆ ಅವರಿಗೆ, ಇದು ಖಗೋಳ ವಿಜ್ಞಾನಕ್ಕೆ ಒಗ್ಗಲ್ಲ, ಸೂರ್ಯ ಮೊದಲಿಂದಲೂ ಇದ್ದ ಅಂತ ಬದಲಾಯಿಸಬೇಕು ಅನ್ನಿಸತೊಡಗಿತು. ಸೂರ್ಯ ಮೊದಲೇ ಇದ್ದರೆ ಮರಗಳ ಬೆಳಕಿಗೆ ಏನು ಬೆಲೆ? ಮರಕ್ಕೆ ಬೆಲೆ ಇಲ್ಲದಿದ್ದರೆ ರತ್ನಕ್ಕೆಲ್ಲಿಯದು? ಮನೆ ಕಟ್ಟಿ ಮೇಲ್ಛಾವಣಿ ಹಾಕುವ ಹೊತ್ತಿಗೆ ಪಾಯ ಅಗೆಯೋಕೆ ಹೋದ ಹಾಗೆ. ಆ ಬದಲಾವಣೆ ಪೂರ್ತಿಯಾಗದೆ ಉಳಿದದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ.

ಮಗನಿಗೆ ಸಿಕ್ಕಿದ್ದು ಇಂಥ ಕಾಗದದ ರಾಶಿ. ಒಂದು ಕಥೆ 1950ರ ದಶಕದ ತುಂಬು ಗದ್ಯದಲ್ಲಿ, ಅದರ ಮುಂದಿನ ಕಥೆ 1930ರ ಸಂಕ್ಷಿಪ್ತ ರೂಪದಲ್ಲಿ ಮಾತ್ರ. ಗೊಂಡೋಲಿನ್ ಕಥೆಯನ್ನು ದೊಡ್ಡದಾಗಿ ಹೊಸದಾಗಿ ಬರೆಯೋಕೆ ಹೊರಟವರು, ನಾಯಕ ಕೊನೆಯ ಬಾಗಿಲು ದಾಟಿ ನಗರವನ್ನು ದೂರದಿಂದ ನೋಡುವಲ್ಲಿಗೆ ಪೆನ್ನು ಕೆಳಗಿಟ್ಟಿದ್ದರು. ಕ್ರಿಸ್ಟೋಫರ್ ಆಕ್ಸ್‌ಫರ್ಡ್‌ನಲ್ಲಿ ಹಳೇ ಇಂಗ್ಲಿಷ್ ಪಾಠ ಮಾಡುತ್ತಿದ್ದವರು. 1975ರಲ್ಲಿ ಆ ಕೆಲಸ ಬಿಟ್ಟರು. ಗೈ ಗೇವ್ರಿಯಲ್ ಕೇ ಅನ್ನುವ ಕೆನಡಾದ ಹುಡುಗ ಜತೆಗೆ ಕೂತು ನೆರವಾದ, ಆತ ಮುಂದೆ ತಾನೇ ಒಳ್ಳೆಯ ಫ್ಯಾಂಟಸಿ ಕಾದಂಬರಿಕಾರನಾದ. ಬೇರೆ ಬೇರೆ ಕಾಲದ ತುಂಡುಗಳನ್ನು ಜೋಡಿಸಿ, ಹೆಸರುಗಳನ್ನು ಹೊಂದಿಸಿ, ಒಂದೇ ಉಸಿರಿನ ಕಥೆ ಅನ್ನಿಸುವ ಹಾಗೆ ಮಾಡಿದರು. ವಾಕ್ಯಗಳು ಬಹುಪಾಲು ಅಪ್ಪನವೇ, ಜೋಡಣೆ ಮಗನದು. 22ನೇ ಅಧ್ಯಾಯ, ಡೋರಿಯಾತ್ ಎಂಬ ಎಲ್ಫ್ ರಾಜ್ಯ ಹಾಳಾದ ಕಥೆ, ಅದೊಂದರಲ್ಲಿ ಮಾತ್ರ ತುಂಬಾ ಭಾಗ ಇವರೇ ಹೆಣೆದದ್ದು. ಸಂಪಾದಕನ ಗೆರೆ ದಾಟಿದೆ, ಅಷ್ಟು ಮಾಡಬಾರದಿತ್ತು ಅನ್ನುವ ಅರ್ಥದಲ್ಲಿ 1994ರಲ್ಲಿ ಕ್ರಿಸ್ಟೋಫರ್ ಬರೆದರು.

ಅಪ್ಪನ ಹೆಸರು ಮಾರಿಕೊಳ್ಳುವವನು ಹೀಗೆ ಮಾಡ್ತಾನಾ ಹೇಳಿ. 1983ರಿಂದ 1996ರವರೆಗೆ ಹನ್ನೆರಡು ಸಂಪುಟ ತಂದು, ಅಪ್ಪನ ಕರಡುಗಳನ್ನೆಲ್ಲ ಇಸವಿವಾರು ಬಿಚ್ಚಿಟ್ಟು, ಇದು ಅವರದು, ಇಲ್ಲಿ ನಾನು ತಪ್ಪಿದೆ ಅಂತ ಲೆಕ್ಕ ಒಪ್ಪಿಸಿದರು. ಪಾಪ, ಅವರ ಜೀವನವೇ ಅದಕ್ಕೆ ಹೋಯಿತು. 2020ರ ಜನವರಿಯಲ್ಲಿ ತೀರಿಕೊಂಡಾಗ 95 ವರ್ಷ. ಚಿಕ್ಕ ಮಗುವಾಗಿದ್ದಾಗಲೇ ಈ ಗುಣ ಇತ್ತಂತೆ. ಅಪ್ಪ ಹಾಬಿಟ್ ಕಥೆ ಹೇಳುತ್ತಿದ್ದರೆ, ಹೋದ ಸಲ ಬಿಲ್ಬೋ ಮನೆಯ ಬಾಗಿಲು ನೀಲಿ ಅಂದಿದ್ರಿ, ಈಗ ಹಸಿರು ಅಂತೀರಿ ಅಂತ ತಡೆಯುತ್ತಿದ್ದನಂತೆ. ಅಪ್ಪ ಗೊಣಗಿಕೊಂಡು ಹೋಗಿ ಮೇಜಿನ ಹತ್ತಿರ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು.

ನಮಗೆ ಇದು ಹೊಸದೇನಲ್ಲ. ಬಾಣಭಟ್ಟ ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟು ಹೋದಾಗ ಪೂರ್ತಿ ಮಾಡಿದ್ದು ಅವನ ಮಗನೇ. ಕವಿ ಅನ್ನುವ ಗರ್ವದಿಂದಲ್ಲ, ಕಥೆ ಮುಗಿಯಲಿಲ್ಲವಲ್ಲ ಅಂತ ಸಜ್ಜನರು ದುಃಖಪಡುವುದನ್ನು ನೋಡಿ ಕೈ ಹಾಕಿದೆ ಅಂತ ಆ ಮಗ ಶುರುವಿನಲ್ಲೇ ಹೇಳುತ್ತಾನೆ. ಕನ್ನಡಕ್ಕೆ ತಂದ ನಾಗವರ್ಮ ಇದು ಅಪ್ಪನದು, ಇದು ಮಗನದು ಅಂತ ಒಂದನ್ನು ಬಿಡಲಿಲ್ಲ, ಎರಡನ್ನೂ ತಂದ. ಆ ಕಥೆಯ ಹೆಸರನ್ನೇ ನಾವು ಈಗ ಎಲ್ಲ ಕಾದಂಬರಿಗಳಿಗೂ ಇಟ್ಟುಕೊಂಡಿದ್ದೇವೆ. ಅದು ಅಸಲಿಯಾ ಅಂತ ಯಾರೂ ಕೇಳಲ್ಲ, ಅಲ್ವಾ?

ಸರಿ, ಎಲ್ಲಿಂದ ಶುರು ಮಾಡೋದು. 19ನೇ ಅಧ್ಯಾಯದಿಂದ, ಬೆರೆನ್ ಮತ್ತು ಲೂಥಿಯೆನ್. ಬೆರೆನ್ ಎಲ್ಲ ಕಳೆದುಕೊಂಡು ಕಾಡಲ್ಲಿ ಅಲೆಯುವ ಮನುಷ್ಯ, ಲೂಥಿಯೆನ್ ಎಲ್ಫ್ ರಾಜ ಥಿಂಗೋಲ್‌ನ ಮಗಳು. ಹೆಣ್ಣು ಕೊಡೋಕೆ ಇಷ್ಟವಿಲ್ಲದ ಮಾವ, ಮೋರ್ಗೋತ್‌ನ ಕಿರೀಟದಿಂದ ಒಂದು ಸಿಲ್ಮರಿಲ್ ಕಿತ್ತು ತಾ ಅಂತ ತೆರ ಕೇಳುತ್ತಾನೆ. ಹೋಗಿ ಸಾಯಲಿ ಅಂತಲೇ. ಅವರಿಬ್ಬರೂ ಹೋಗಿ ಕಿತ್ತೂ ಕೀಳುತ್ತಾರೆ. ಬಾಗಿಲಲ್ಲಿ ದೈತ್ಯ ತೋಳವೊಂದು ರತ್ನ ಹಿಡಿದ ಕೈಯನ್ನೇ ಕಚ್ಚಿ ನುಂಗುತ್ತದೆ. ವಾಪಸ್ ಬಂದಾಗ ರಾಜ ಕೇಳುತ್ತಾನೆ, ನಿನ್ನ ಮಾತು ಏನಾಯಿತು? ನಡೆಸಿದ್ದೇನೆ, ಈಗಲೂ ಸಿಲ್ಮರಿಲ್ ನನ್ನ ಕೈಯಲ್ಲೇ ಇದೆ ಅಂತಾನೆ ಬೆರೆನ್. ತೋರಿಸು. ಎಡಗೈ ಮುಂದೆ ಚಾಚಿ ನಿಧಾನಕ್ಕೆ ಬೆರಳು ಬಿಡಿಸುತ್ತಾನೆ, ಖಾಲಿ. ಆಮೇಲೆ ಬಲಗೈ ಎತ್ತುತ್ತಾನೆ, ಮುಂಗೈ ಇಲ್ಲ. ಈ ಕಥೆಯ ಹಿಂದೆ ಟೋಲ್ಕಿನ್ ಅವರ ಹೆಂಡತಿ ಎಡಿತ್ ಇದ್ದಾರೆ. 1917ರಲ್ಲಿ ಯಾರ್ಕ್‌ಷೈರಿನ ರೂಸ್ ಹಳ್ಳಿಯ ಹತ್ತಿರ, ಬಿಳಿ ಹೂಗಳ ತೋಪಿನಲ್ಲಿ, ಅವರು ಗಂಡನಿಗಾಗಿ ಕುಣಿದದ್ದೇ ಇದರ ಬೀಜ. ಆಕ್ಸ್‌ಫರ್ಡ್‌ನ ವುಲ್ವರ್‌ಕೋಟ್ ಸ್ಮಶಾನದಲ್ಲಿ ಇಬ್ಬರಿಗೂ ಒಂದೇ ಕಲ್ಲು. ಎಡಿತ್ ಹೆಸರಿನ ಕೆಳಗೆ ಲೂಥಿಯೆನ್ ಅಂತಿದೆ, ಟೋಲ್ಕಿನ್ ಹೆಸರಿನ ಕೆಳಗೆ ಬೆರೆನ್.

ಆಮೇಲೆ 21, ಟೂರಿನ್. ಹಿಡಿಸಿದರೆ 2007ರಲ್ಲಿ ಬಂದ ಚಿಲ್ಡ್ರನ್ ಆಫ್ ಹೂರಿನ್ ತಗೊಳ್ಳಿ, ಅದೇ ಕಥೆ ಪೂರ್ತಿ ಉದ್ದಕ್ಕೆ ಇದೆ. ಆಮೇಲೆ ಔಲೆಯದು, 2ನೇ ಅಧ್ಯಾಯ. ಅಷ್ಟಾದ ಮೇಲೆ ಹಿಂದಕ್ಕೆ ಹೋಗಿ ಮೊದಲಿನ ಸೃಷ್ಟಿಯ ಸಂಗೀತ ಓದಿ, ಆಗ ಅದು ರುಚಿಸುತ್ತದೆ. 14ನೇ ಅಧ್ಯಾಯ ಬರೀ ನದಿ, ಬೆಟ್ಟ, ಗಡಿ. ಸರ್ವೆ ಇಲಾಖೆಯ ಕಡತ ಓದಿದ ಹಾಗೆ, ಮುಲಾಜಿಲ್ಲದೆ ಬಿಡಿ. ಕೊನೆಯಲ್ಲಿ ಬರುವ ನೂಮೆನೋರ್ ಎಂಬ ದ್ವೀಪ ಮುಳುಗಿದ ಕಥೆ ಬಿಡಬೇಡಿ. ಸಿಲ್ಮರಿಲಿಯನ್ ಸಿನಿಮಾ ಯಾಕೆ ಬಂದಿಲ್ಲ ಅಂತಲೂ ಕೇಳಿದ್ದಿರಿ. ಟೋಲ್ಕಿನ್ 1969ರಲ್ಲಿ ಹಾಬಿಟ್ ಮತ್ತು ಲಾರ್ಡ್ ಆಫ್ ದಿ ರಿಂಗ್ಸ್ ಹಕ್ಕು ಮಾರಿದರು, ಆಗ ಈ ಪುಸ್ತಕ ಇರಲೇ ಇಲ್ಲವಲ್ಲ, ಹಾಗಾಗಿ ಇದರ ಹಕ್ಕು ಅದರಲ್ಲಿ ಸೇರಿಲ್ಲ.

ಕ್ಯಾಲೆಂಡರ್ ಹಾಳೆ ಇನ್ನೂ ಪುಸ್ತಕದೊಳಗೇ ಇದೆ, ಬೇಕಿದ್ದರೆ ಫೋಟೋ ತೆಗೆದು ಹಾಕುತ್ತೇನೆ. ಅದರಲ್ಲಿ ಗಿಲ್-ಗಲಾಡ್ ಅನ್ನುವ ರಾಜನನ್ನು ಫಿಂಗೋನ್‌ನ ಮಗ ಅಂತ ಬರೆದು, ಆಮೇಲೆ ಪೆನ್ಸಿಲ್‌ನಲ್ಲಿ ಹೊಡೆದು ಹಾಕಿದ್ದೇನೆ. ಬರೆದದ್ದು ಪುಸ್ತಕ ನೋಡಿಕೊಂಡೇ. ಹೊಡೆದು ಹಾಕಿದ್ದು, ಅದು ಅಪ್ಪನ ಕೊನೆಯ ತೀರ್ಮಾನವಲ್ಲ, ನನ್ನ ತಪ್ಪು ಅಂತ ಕ್ರಿಸ್ಟೋಫರ್ ಬರೆದದ್ದನ್ನು ಓದಿದ ಮೇಲೆ.